ಮರುಳಸಿದ್ದಯ್ಯ ಮೇಷ್ಟ್ರ ಮಂಗಳ ಗ್ರಹ

ನಮ್ಮ ತಿಪಟೂರಿನ ಕಾಲೇಜಿನಲ್ಲಿ ಮರುಳಸಿದ್ದಯ್ಯ ಮೇಷ್ಟ್ರು ಪಾಠ ಮಾಡುವುದು ಜೀವಶಾಸ್ತ್ರ, ಮನಸ್ಸಿರುವುದು ಮಂಗಳ ಗ್ರಹದಲ್ಲಿ. ಬೆಂಗಳೂರಿನಲ್ಲಿ ಯಾವ ವಿಜ್ಞಾನಿ ಮಾತಾಡಿದರೂ ಮೊದಲ ಬಸ್ಸಿಗೇ ಹೋಗಿ ಕೇಳಿ, ಮಾರನೆಯ ದಿನ ಆ ವಿಜ್ಞಾನಿಯ ಕೆಮ್ಮನ್ನೂ ಬಿಡದೆ ನಮಗೆ ಒಪ್ಪಿಸುತ್ತಾರೆ. ಅಟ್ಟದಲ್ಲಿ ವರ್ಷವಿಡೀ ಒಣಗಿದ ತೆಂಗಿನಕಾಯಿಯನ್ನು ಅಲ್ಲಾಡಿಸಿ, ಒಳಗಿನ ಲೊಡಲೊಡ ಸದ್ದು ಕೇಳಿಸಿ, “ಕೊಬ್ಬರಿ ಆಗೈತೆ ಅಂತ ಒಡೀದೇನೇ ಹೇಳ್ತೀರಲ್ಲ, ಮಂಗಳದಲ್ಲಿ ಜೀವ ಐತಾ ಅಂತ ಹುಡುಕೋದೂ ಹಿಂಗೇ ಕಣ್ರಪ್ಪ” ಎನ್ನುತ್ತಾರೆ. ಸಂಶೋಧನೆಯ ಫೆಲೋಶಿಪ್ಪಿಗೆ ನಾವು ಬರೆದ ಅರ್ಜಿ ತೋರಿಸಿದರೆ ನಮ್ಮ ಜಂಬದ ಸಾಲುಗಳನ್ನೆಲ್ಲ ಹೊಡೆದುಹಾಕಿ, “ಏನ್ ಗೊತ್ತಿಲ್ಲ ಅಂತ ಬರೀರಿ, ಅದನ್ನ ಕಂಡುಹಿಡೀಲಿ ಅಂತಾನೇ ನಿಮ್ಮನ್ನ ಕರಿಯೋದು” ಎಂದು ಗದರುತ್ತಾರೆ. ಹೋದ ವರ್ಷದಿಂದ ಅವರ ಕಿವಿ ಮಂದವಾಗಿದೆ. ಈಗಲೂ ಕಾಯಿ ಅಲ್ಲಾಡಿಸುತ್ತಾರೆ. ಸದ್ದು ಬಂತೋ ಇಲ್ಲವೋ ಎಂದು ನಮ್ಮ ಮುಖ ನೋಡುತ್ತಾರೆ.