ಹೊಟ್ಟೆಯ ಮೇಲೆ ಹೆಡ್‌ಫೋನ್

ಗೆಳತಿಯರೇ, ಇವತ್ತು ನಡೆದದ್ದನ್ನು ಕೇಳಿ. ನನಗೀಗ ಎಂಟನೇ ತಿಂಗಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹೊಟ್ಟೆಯಲ್ಲಿದ್ದಾಗಲೇ ಸಂಗೀತ ಕೇಳಿದ ಮಗುವಿನ ಮೆದುಳು ಚುರುಕಾಗುತ್ತದೆ ಎಂಬ ವಿಡಿಯೊ ನೋಡಿದ ನನ್ನ ಗಂಡ, ಇವತ್ತು ಬೆಳಿಗ್ಗೆ ನನ್ನ ಹೊಟ್ಟೆಯ ಮೇಲೆ ಹೆಡ್‌ಫೋನ್ ಇಟ್ಟು ಕೊಳಲಿನ ಸಂಗೀತ ಹಚ್ಚಿದರು.

“ನಿನ್ನ ಮಷಿನ್ ಸಪ್ಪಳಕ್ಕ ಕೂಸಿನ ತಲಿ ಕೆಡ್ತದ. ಒಂದ್ ತಾಸು ಸುಮ್ ಕೂಡು.”

ಕೂತೆ. ದಿನಾ ಆ ಹೊತ್ತಿಗೆ ಒದೆಯುವ ಮಗು ಇವತ್ತು ಅಲುಗಲೇ ಇಲ್ಲ. ಬೆಲ್ಲದ ನೀರು ಕುಡಿದೆ, ಎಡಕ್ಕೆ ಹೊರಳಿ ಮಲಗಿದೆ. ಊಹೂಂ. ಆಟೋ ಹಿಡಿದು ಶಹಾಪುರದ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಗಂಡನ ಕೈಯಲ್ಲಿ ಅದೇ ಹೆಡ್‌ಫೋನ್.

ನರ್ಸಮ್ಮ ಹೊಟ್ಟೆಗೆ ಯಂತ್ರ ಹಚ್ಚಿದರು. ಎದೆಬಡಿತ ಟಕಟಕ ಕೇಳಿತು. ಆಗ ನಾನು ಉಸಿರುಬಿಟ್ಟೆ.

“ಆರಾಮ್ ಅದರಿ, ಕೂಸು ಮಲಗ್ಯಾದ. ದಿನಾ ಈ ಹೊತ್ನ್ಯಾಗ ಏನ್ ಮಾಡ್ತೀರಿ?”

“ಮಷಿನ್ ತುಳೀತೀನ್ರಿ.”

“ಮತ್ತ ಅದಕ್ಕ ಅದೇ ರೂಢಿ ಆಗ್ಯಾದ.”

ಮನೆಗೆ ಬಂದು ನಾಲ್ಕು ಹೊಲಿಗೆ ಹಾಕಿದೆ. ಒದೆ ಬಿತ್ತು!

ಮುಂದಿನ ವಾರ ಬಾಣಂತನಕ್ಕೆ ಮುದನಾಳದ ತವರಿಗೆ ಹೊರಡಬೇಕು. ಬಸ್ಸಿಗೆ ಮಷಿನ್ ಹೊರುವವರು ಯಾರೆಂದು ಕೇಳಬೇಡಿ. ಹೆಡ್‌ಫೋನ್ ತಂದವರೇ.