ಜೀವಮಾನದ ಕುರ್ಚಿ

ನಾನು ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದ್ದು ತಿಳಿದಾಗ, ಷಾರ್ಲೆಟ್‌ನ ನಮ್ಮ ಮನೆಗೆ ಬಂದಿದ್ದ ಅಪ್ಪ ಮುಖ ಊದಿಸಿಕೊಂಡರು. ಧಾರವಾಡದ ಕಡೆ ನ್ಯಾಯಾಧೀಶರಾಗಿದ್ದು, ಅರವತ್ತಕ್ಕೆ ನಿವೃತ್ತರಾಗಿ, ಆ ಅರವತ್ತನ್ನು ಇನ್ನೂ ಕ್ಷಮಿಸದವರು.

"ನಮ್ಮ ದೇಶದ ಸಂವಿಧಾನದ ಮ್ಯಾಲೆ ಆಣಿ ಮಾಡಿ ಹೊಟ್ಟಿ ಹೊರಕೊಂಡಾವ ನಾ. ನೀ ಅದನ್ನ ಬಿಟ್ಟೆ ಅಂತ ಆಣಿ ಮಾಡ್ತಿ? ನೋಡಾಕ ನಾ ಬರೂದಿಲ್ಲ."

ಅವರ ಆಶೀರ್ವಾದವಿಲ್ಲದೆ ಪ್ರಮಾಣಕ್ಕೆ ಕೈಯೆತ್ತಲು ನನಗೆ ಮನಸ್ಸಿರಲಿಲ್ಲ. ಆದರೆ ಹಟದಲ್ಲಿ ನಾನೂ ಅವರ ಮಗಳೇ.

ಒಂದು ಬೆಳಿಗ್ಗೆ ಪೌರತ್ವ ಪರೀಕ್ಷೆಗೆಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪುತ್ತದೆ, ಆಮೇಲೆ ನಡತೆ ಕೆಡದಿದ್ದರೆ ಬದುಕಿರುವವರೆಗೂ ಹುದ್ದೆ. ಅಪ್ಪ ಚಹದ ಕಪ್ಪು ಕೆಳಗಿಟ್ಟರು.

"ಸಾಯೂತನಕ?"

"ಹೂಂ. ನಮಗ ಪ್ರಮಾಣ ಮಾಡಸಾವ್ರೂ ಅಂಥಾವ್ರ ಒಬ್ಬರು."

"ಅಲಾ ಇವನ! ಹಂಗಾರ ಅಂವನ ಮಾರಿ ಒಮ್ಮೆ ನೋಡಬೇಕು."

ನೆಪ ಸಿಕ್ಕಿತು, ಪ್ರಮಾಣದ ದಿನ ಬಂದರು.

ಕೋರ್ಟ್ ಹಾಲಿನಲ್ಲಿ ಎಲ್ಲರೂ ಏಳಬೇಕೆಂದು ಕೂಗಿದ್ದೇ ತಡ, ಅಪ್ಪ ಎದ್ದು, ಸುತ್ತ ನಿಂತಿದ್ದ ಜನಕ್ಕೆಲ್ಲ ಕೈಮುಗಿದು, ಎಲ್ಲರಿಗಿಂತ ಮೊದಲು ಕೂತುಬಿಟ್ಟರು! ನಮ್ಮ ಕಡೆ ನ್ಯಾಯಾಧೀಶರು ಪೀಠಕ್ಕೆ ಬಂದಾಗ ಮಾಡುವುದೇ ಹಾಗೆ. ನನಗೋ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೋಲೂರಿಕೊಂಡು ಬಂದ ಮುದಿ ನ್ಯಾಯಾಧೀಶರು ಅದನ್ನು ನೋಡಿದರು.

ಪ್ರಮಾಣ ಮುಗಿದು ಫೋಟೋಗೆ ನಿಂತಾಗ ಅವರೇ ಅಪ್ಪನ ಕೈ ಹಿಡಿದು, "ತಾವೂ ಜಡ್ಜ್ ಅಲ್ಲವೇ?" ಎಂದು ಕೇಳಿದರು.

ಅಪ್ಪನ ಮುಖ ಅರಳಿತು. ಮರುಕ್ಷಣವೇ ಪಾಟೀಸವಾಲಿನ ದನಿಯಲ್ಲಿ, "ತಾವು ಕುರ್ಚಿ ಯಾವಾಗ ಬಿಡುತ್ತೀರಿ?" ಎಂದರು.

"ಕೇಸುಗಳನ್ನು ಕಡಿಮೆ ಮಾಡಿಕೊಂಡಿದ್ದೇನೆ. ಈ ಪ್ರಮಾಣದ ದಿನವನ್ನು ಮಾತ್ರ ಬಿಡಲಾರೆ. ಕೋರ್ಟಿನಿಂದ ಎಲ್ಲರೂ ನಗುತ್ತ ಮನೆಗೆ ಹೋಗುವ ದಿನ ಇದೊಂದೇ."

ಅಪ್ಪ ತಿರುಗಿ ನನ್ನನ್ನು ನೋಡಿದರು. ಪಾರ್ಕಿಂಗ್‌ವರೆಗೂ ಮುಂದೆ ಮುಂದೆ ನಡೆದರು. ಕಾರಿನ ಬಾಗಿಲ ಬಳಿ ನಿಂತರು.

"ಎಲ್ಲಾರೂ ನಕ್ಕೋತ ಹ್ವಾದ್ರು. ನಿನಗೇನಾಗೇತಿ, ಮಗಳ?"

"ನೀವು ಸಿಟ್ಟಾಗೀರಲ್ಲ."

"ಹುಚ್ಚಿ! ಜಡ್ಜನ ಕುರ್ಚಿಯಿಂದ ಅರವತ್ತಕ್ಕ ಎಬ್ಬಿಸಿದ್ರು, ಎದ್ದೆ. ನಿನ್ನ ಅಪ್ಪ ಅನ್ನೂ ಕುರ್ಚಿಯಿಂದ ಎಬ್ಬಸಾಕ ಯಾ ದೇಶಕ್ಕೂ ಆಗೂದಿಲ್ಲ. ಅದು ಸಾಯೂತನಕ ನಂದ. ಈಗರ ನಗು."

ನಗುವುದೆಲ್ಲಿ ಬಂತು? ಅಲ್ಲೇ ಅವರ ಹೆಗಲಿಗೆ ಹಣೆ ಹಚ್ಚಿ ಅತ್ತುಬಿಟ್ಟೆ.