ಮೀನಿನ ವಾಸನೆಯ ಹೆಬ್ಬೆಟ್ಟು

ಸರೋವರದ ದಂಡೆಯ ಕೆಂಡು ಬೇ ಊರಿನಲ್ಲಿ ರಿಸ್ಪಾ ಅಪೊಂದಿಯನ್ನು ಅರಿಯದವರಿರಲಿಲ್ಲ. ಕಿರುಬೆರಳಿಗಿಂತ ಸಣ್ಣ ಒಮೆನಾ ಮೀನನ್ನು ಹಳೆಯ ಬಲೆಯ ಮೇಲೆ ಹರವಿ, ಕೈಯಾಡಿಸಿ ಒಣಗಿಸಿ ಮಾರುವುದು ಅವಳ ಕಸುಬು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮಗಳ ಹೋಮ್‌ವರ್ಕ್ ವಿಷಯಕ್ಕೆ ಬಂದರೆ ಯಾವ ಇನ್‌ಸ್ಪೆಕ್ಟರೂ ಅವಳ ಮುಂದೆ ನಿಲ್ಲುವಂತಿರಲಿಲ್ಲ.

ಆ ಸಂಜೆಗಳು ಮಗಳು ಅಕೇಲೊಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಶಾಲೆಯಿಂದ ಬಂದು ಒಂದು ಕೊಡ ನೀರು ತರಬೇಕು. ಆಮೇಲೆ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು, ಹೊತ್ತು ಮುಳುಗುವುದರೊಳಗೆ ಹತ್ತು ಲೆಕ್ಕ, ಒಂದು ಪುಟ ಓದು. ಅಮ್ಮ ಪಕ್ಕದಲ್ಲೇ ಮೀನು ಆರಿಸುತ್ತ ಕಿವಿ ಕೊಡುತ್ತಿದ್ದಳು.

"ನಿಲ್ಸು. ಆ ಸಾಲು ನಿನ್ನೆ ಉದ್ದ ಇತ್ತು. ಇವತ್ತು ಅರ್ಧ ನುಂಗಿದ್ಯಾ?"

"ನಿನಗೆ ಓದೋಕೇ ಬರಲ್ಲ, ಹೇಗೆ ಗೊತ್ತಾಯ್ತು?"

"ಓದೋಕೆ ಬರಲ್ಲ ಕಣೇ, ಕಿವಿ ಕೇಳುತ್ತಲ್ಲ! ಮೊದಲಿಂದ ಓದು."

ದಿನವೂ ಮಗುವಿನ ಜೊತೆ ಕೂತು ಪುಟದ ಕೆಳಗೆ ಸಹಿ ಹಾಕಬೇಕೆಂದು ಓಬೂರಾ ಮೇಷ್ಟ್ರು ಹೆತ್ತವರಿಗೆಲ್ಲ ಕಟ್ಟುನಿಟ್ಟು ಮಾಡಿದ್ದರು. ರಿಸ್ಪಾ ಬಾಣಲೆಯ ತಳದ ಮಸಿಗೆ ಹೆಬ್ಬೆಟ್ಟು ಒತ್ತಿ, ಪುಟದ ಮೂಲೆಗೆ ಒತ್ತುತ್ತಿದ್ದಳು. ಮಸಿಯ ಜೊತೆ ಮೀನೂ ಪುಸ್ತಕಕ್ಕೆ ಇಳಿಯುತ್ತಿತ್ತು.

"ಅಕೇಲೊ, ಬುಕ್ಕು ಮುಚ್ಚಿಡೇ, ಬೆಕ್ಕು ಬರುತ್ತೆ!" ಎಂದು ತರಗತಿಯೇ ನಗುತ್ತಿತ್ತು. ನಾಲ್ಕನೆಯ ತರಗತಿಯವರೆಗೆ ಅವಳೂ ನಕ್ಕಳು. ಐದಕ್ಕೆ ಬಂದಾಗ ನಗು ಬರಲಿಲ್ಲ. ಗುಮಾಸ್ತರ ಮಗಳ ಪುಸ್ತಕದಲ್ಲಿ ಬಾಲ ಸುತ್ತಿಕೊಂಡ ಚೆಂದದ ಸಹಿ, ತನ್ನದರಲ್ಲಿ ಮಸಿಯ ಬೊಟ್ಟು. ಒಂದು ಸಂಜೆ "ಇವತ್ತು ಏನೂ ಕೊಟ್ಟಿಲ್ಲಮ್ಮ" ಎಂದು ಸುಳ್ಳು ಹೇಳಿ, ಬೇಲಿಯ ಹಿಂದೆ ಕೂತು ಲೆಕ್ಕ ಮುಗಿಸಿದಳು. ಕೆಳಗೆ ತಾನೇ 'ರಿಸ್ಪಾ ಅಪೊಂದಿ' ಎಂದು ಬರೆದು ಎರಡು ಬಾಲ ಎಳೆದಳು. ಗುಮಾಸ್ತರಿಗಿಂತ ಒಂದು ಹೆಚ್ಚು.

ಮರುದಿನ ಮೇಷ್ಟ್ರು ಆ ಪುಟವನ್ನು ನೋಡಿದರು, ಮೂಗಿನ ಹತ್ತಿರ ಹಿಡಿದರು.

"ನಿಮ್ಮಮ್ಮ ನಿನ್ನೆ ಊರಲ್ಲಿರ್ಲಿಲ್ವಾ?"

"ಇದ್ರು ಸಾರ್."

"ಮತ್ತೆ ಮೀನೆಲ್ಲಿ?"

ತರಗತಿ ಬಿದ್ದು ಬಿದ್ದು ನಕ್ಕಿತು. "ನಾಳೆ ಅಮ್ಮನ್ನ ಕರ್ಕೊಂಡು ಬಾ" ಎಂದರು ಮೇಷ್ಟ್ರು.

ಅಕೇಲೊಗೆ ಪೆಟ್ಟಿನ ಭಯವಿರಲಿಲ್ಲ. ತನಗೆ ನಾಚಿಕೆಯಾಗಿದ್ದು ಅಮ್ಮನಿಗೆ ತಿಳಿದುಬಿಡುತ್ತದಲ್ಲ, ಅದೇ ಭಯ. ಸಂಜೆ ಹೇಳದೆ ಗತಿಯಿರಲಿಲ್ಲ. "ಬುಕ್ಕು ವಾಸನೆ ಬರುತ್ತೆ ಅಂತ ನಾನೇ ನಿನ್ನ ಹೆಸರು ಬರೆದೆ."

ರಿಸ್ಪಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎರಡು ನಿಂಬೆಹಣ್ಣು ಹಿಂಡಿ, ಬೂದಿ ಹಾಕಿ, ಬಲೆ ಕೊಯ್ದ ಗಾಯಗಳು ಉರಿಯುತ್ತಿದ್ದರೂ ಕೈ ತಿಕ್ಕುತ್ತ ಕೂತಳು. ಮಗಳು ಮೂಲೆಯಲ್ಲಿ ನಿಂತು ನೋಡಿದಳು.

ಬೆಳಿಗ್ಗೆ ರಿಸ್ಪಾ ಚರ್ಚಿಗೆ ಉಡುವ ಬಟ್ಟೆ ಉಟ್ಟು ಶಾಲೆಗೆ ಬಂದಳು. ಮೇಷ್ಟ್ರ ಮುಂದೆ ಎರಡೂ ಅಂಗೈ ಚಾಚಿದಳು.

"ಚೆನ್ನಾಗಿ ತೊಳ್ದಿದೀನಿ ಸಾರ್. ಇನ್ಮೇಲೆ ವಾಸನೆ ಬರಲ್ಲ."

ಮೇಷ್ಟ್ರು ಕನ್ನಡಕ ತೆಗೆದರು. "ಯಾಕಮ್ಮ ತೊಳೆದ್ರಿ? ದಿನಾ ಅರವತ್ತು ಸಹಿ ನೋಡ್ತೀನಿ. ಯಾರು ಮಗು ಜೊತೆ ಕೂತಿದ್ರು, ಯಾರು ಸುಮ್ನೆ ಗೀಚಿ ಕಳಿಸಿದ್ರು, ಒಂದೂ ತಿಳಿಯಲ್ಲ. ನಿಮ್ಮ ಬುಕ್ಕಲ್ಲಿ ಮಾತ್ರ ತಿಳಿಯುತ್ತೆ."

ಅಮ್ಮನನ್ನು ಕಳಿಸಲು ಹೋಗುವಾಗ ದಾರಿಯಲ್ಲಿ ಅಕೇಲೊ ಅವಳ ಕೈ ಹಿಡಿದುಕೊಂಡಳು. ಅದರಿಂದ ನಿಂಬೆಯ ವಾಸನೆ ಬರುತ್ತಿತ್ತು, ಯಾರದೋ ಕೈಯಂತೆ. ಅಂದು ಅವಳಿಗೆ ತಡೆಯದೆ ಅಳು ಬಂತು.

ರಿಸ್ಪಾ ತೀರಿಕೊಂಡು ಆರು ವರ್ಷವಾಯಿತು. ಅಕೇಲೊ ಈಗ ಕಿಸುಮು ಪಟ್ಟಣದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಸಹಿಗೆ ಒಂದೇ ಬಾಲ. ಮೊನ್ನೆ ಸಂಜೆ ಒಮೆನಾ ಆರಿಸುತ್ತ ಮಗನ ಓದು ಕೇಳುತ್ತಿದ್ದಳು. ಮುಗಿಸಿದವನು ಡೈರಿ, ಪೆನ್ನು ಮುಂದಿಟ್ಟ. ಅವಳು ಹಾಗೇ ಎತ್ತಿಕೊಂಡಳು.

"ಅಮ್ಮಾ, ಕೈ ತೊಳ್ಕೋ! ಬುಕ್ಕು ಮೀನು ವಾಸನೆ ಬರುತ್ತೆ!"

"ಬರಲಿ ಬಿಡೋ. ನಾನು ಪಕ್ಕದಲ್ಲಿ ಕೂತಿದ್ದೆ ಅಂತ ನಿಮ್ಮ ಟೀಚರ್‌ಗೆ ಗೊತ್ತಾಗ್ಲಿ" ಎಂದು ಅಕೇಲೊ ಸಹಿ ಹಾಕಿದಳು. ಪಕ್ಕದಲ್ಲಿ ಹೆಬ್ಬೆಟ್ಟನ್ನೂ ಒತ್ತಿದಳು.